ಪಾಳಿಯ ನ್ಯಾಯ: ಸರ್ವರ್ ಹೊರೆಯನ್ನು ಹಂಚುವ ಬಗೆ

ನವಲಗುಂದ ತಾಲೂಕಿನ ಮೊರಬದ ಸೇವಾ ಕೇಂದ್ರವೊಂದರ ಕಟ್ಟೆಯ ಮೇಲೆ ನಮ್ಮ ಚಿಗವ್ವ ಮುಂಜಾನೆ ಏಳಕ್ಕೇ ಹೋಗಿ ಕೂತಿದ್ದಳು. ಹೊಲದ ಉತಾರ, ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಮೂರನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೊಡೆಯ ಕೆಳಗೆ ಒತ್ತಿಕೊಂಡಿದ್ದಳು. ಹೆಸರಿನ ಹೊಲದಲ್ಲಿ ಕಸ ತೆಗೆಯುವ ದಿನಗಳು. ಒಂದು ದಿನದ ಕೆಲಸ ಬಿಟ್ಟು ಬಂದವಳು. ಹನ್ನೊಂದರ ಸುಮಾರಿಗೆ ಪಾಳಿ ಬಂತು, ಹೆಬ್ಬೆಟ್ಟು ಒತ್ತಿದಳು. ಪರದೆಯ ಮೇಲೆ ಗಾಲಿ ತಿರುಗಿತು, ತಿರುಗಿತು, ಕೊನೆಗೆ ಕೆಂಪು ಅಕ್ಷರದ ಸಾಲೊಂದು ಬಂತು. ‘ಯವ್ವಾ, ಸರ್ವರ್ ಬರವಲ್ದು. ಸ್ವಲ್ಪ ಬಾಜೂಕ ಕುಂದರ್ರಿ, ಆಮ್ಯಾಲೆ ಮತ್ತ ನೋಡೋಣು’ ಅಂದ ಕೇಂದ್ರದ ಹುಡುಗ. ಅವಳ ಹಿಂದಿದ್ದವರು ಹೆಬ್ಬೆಟ್ಟು ಇಟ್ಟರು, ಎರಡು ನಿಮಿಷದಲ್ಲಿ ಚೀಟಿ ಕೈಗೆ ಬಂತು. ಅವರ ಹಿಂದಿನವರಿಗೂ ಬಂತು. ಚಿಗವ್ವ ಎದ್ದು ಹೋಗಿ ಮತ್ತೊಮ್ಮೆ ಒತ್ತಿದಳು. ಮತ್ತೆ ಗಾಲಿ, ಮತ್ತೆ ಕೆಂಪು ಸಾಲು. ‘ನನ್ನ ಹಣೇಬಾರ ತಮ್ಮಾ’ ಅಂದಳು ನನ್ನ ಕಡೆ ತಿರುಗಿ.

ನಾನು ಪಕ್ಕದಲ್ಲಿ ಕೂತು ಲೆಕ್ಕ ಇಡತೊಡಗಿದೆ. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತಿತ್ತು. ಒಂದು ಬಾಗಿಲ ಹಿಂದೆ ನಾಲ್ಕು ಯಂತ್ರಗಳಿದ್ದು, ಅವುಗಳಲ್ಲಿ ಒಂದು ಕೆಟ್ಟು, ಜನರನ್ನು ಒಳಗೆ ಕಳಿಸುವ ಬಾಗಿಲವನಿಗೆ ಅದು ಕೆಟ್ಟಿದ್ದು ತಿಳಿಯದೇ ಹೋದರೆ ಸಿಗುವ ಚಿತ್ರ ಹೀಗೇ ಇರುತ್ತದೆ. ಮೂವರಿಗೆ ಕೆಲಸ ಆಗುತ್ತದೆ, ನಾಲ್ಕನೆಯವರಿಗೆ ಆಗುವುದಿಲ್ಲ. ನಾಲ್ಕನೆಯವರು ತಮ್ಮ ಹಣೆಬರಹವನ್ನು ಹಳಿದುಕೊಳ್ಳುತ್ತಾರೆ. ಆದರೆ ಇದು ಹಣೆಬರಹದ ಮಾತಲ್ಲ. ಯಾರ ಕೋರಿಕೆ ಯಾವ ಯಂತ್ರಕ್ಕೆ ಹೋಗಬೇಕು ಎಂಬುದನ್ನು ಎಲ್ಲೋ ಒಬ್ಬರು ತೀರ್ಮಾನಿಸಿರುತ್ತಾರೆ. ಆ ತೀರ್ಮಾನ ಸಾಮಾನ್ಯವಾಗಿ ಒಂದೆರಡು ಸಾಲಿನದು, ಬಹಳ ಸಲ ಯೋಚನೆಯಿಲ್ಲದೆ ಬಿಟ್ಟ ಸಾಲು. ಆ ಸಾಲನ್ನು ಹೇಗೆ ಬರೆಯಬೇಕು ಎಂಬುದು ತಂತ್ರಜ್ಞರ ಒಳಗಿನ ವಿಷಯವಾಗಿ ಉಳಿದಿದೆ. ಅದು ಸಾರ್ವಜನಿಕ ನ್ಯಾಯದ ವಿಷಯ ಎಂಬುದು ನನ್ನ ವಾದ.

ಮೊದಲು ಒಳಗಿನ ವ್ಯವಸ್ಥೆ ನೋಡೋಣ. ನಾವು ಒಂದು ಸರ್ಕಾರಿ ಜಾಲತಾಣದ ಹೆಸರು ಒತ್ತಿದಾಗ ಅದರ ಹಿಂದೆ ಒಂದೇ ಕಂಪ್ಯೂಟರ್ ಇರುವುದಿಲ್ಲ. ಒಂದೇ ಕೆಲಸ ಮಾಡಬಲ್ಲ ಹಲವು ಸರ್ವರ್‌ಗಳಿರುತ್ತವೆ. ಅವುಗಳ ಮುಂದೆ ಬಾಗಿಲು ಕಾಯುವ ಒಂದು ತಂತ್ರಾಂಶವೋ ಸಾಧನವೋ ಇರುತ್ತದೆ. ಅದಕ್ಕೆ ಲೋಡ್ ಬ್ಯಾಲೆನ್ಸರ್ ಅನ್ನುತ್ತಾರೆ. ಬಂದ ಪ್ರತಿಯೊಂದು ಕೋರಿಕೆಯನ್ನು ‘ನೀನು ಇಲ್ಲಿಗೆ, ನೀನು ಅಲ್ಲಿಗೆ’ ಎಂದು ಹಂಚುವುದೇ ಅದರ ಕೆಲಸ. ಸಂತೆಯ ದಿನ ಹಿಟ್ಟಿನ ಗಿರಣಿಯಲ್ಲಿ ಡಬ್ಬಿಗಳನ್ನು ಸಾಲಾಗಿಟ್ಟು, ಯಾವ ಕಲ್ಲಿಗೆ ಯಾವುದು ಎಂದು ಹೇಳುವವನು ಮಾಡುವ ಕೆಲಸವೂ ಇದೇ.

ಈ ಬಾಗಿಲವನ ಮಹತ್ವ ನಮ್ಮಲ್ಲಿ ಹೆಚ್ಚಿದ್ದು ಸೇವೆಗಳು ಹತ್ತಿರ ಬಂದ ಮೇಲೆ. 2000ದ ಸುಮಾರಿಗೆ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು, ಅಂದರೆ ಉತಾರಗಳನ್ನು, ಕಂಪ್ಯೂಟರಿಗೆ ಏರಿಸಿತು. ಅಂದಿನ 177 ತಾಲೂಕುಗಳಲ್ಲಿ ಕಿಯಾಸ್ಕ್‌ಗಳು ತೆರೆದವು, 15 ರೂಪಾಯಿಗೆ ಉತಾರ ಸಿಗತೊಡಗಿತು. ಮೊರಬದವರು ಉತಾರಕ್ಕೆ ನವಲಗುಂದಕ್ಕೆ ಹೋಗುತ್ತಿದ್ದರು, ಕುಂದಗೋಳದ ಹಳ್ಳಿಯವರು ಕುಂದಗೋಳಕ್ಕೆ. ಬಸ್ಸಿನ ದಾರಿಯೇ ಹೊರೆಯನ್ನು ಹಂಚುತ್ತಿತ್ತು. ನವಲಗುಂದದಲ್ಲಿ ಗದ್ದಲವಾದರೆ ಕಲಘಟಗಿಯವರಿಗೆ ಅದರ ಬಿಸಿ ತಟ್ಟುತ್ತಿರಲಿಲ್ಲ. ಈಗ ಊರಿನಲ್ಲೇ ಕೇಂದ್ರ, ಕೈಯಲ್ಲೇ ಮೊಬೈಲ್. ಅದು ಬಹು ದೊಡ್ಡ ಅನುಕೂಲ, ಹಿಂದಕ್ಕೆ ಹೋಗಬೇಕೆಂದು ಯಾರೂ ಕೇಳಲಾರರು. ಆದರೆ ಓಡಾಟ ಉಳಿಸಿದ ಈ ಅನುಕೂಲವೇ ಇಡೀ ರಾಜ್ಯದ ಜನರನ್ನು ಒಂದು ಬಾಗಿಲ ಮುಂದೆ ತಂದು ನಿಲ್ಲಿಸಿದೆ.

ಆ ಬಾಗಿಲಿಗೆ ಜನ ಬರುವ ರೀತಿಯೂ ವಿಚಿತ್ರ. 2021ರ ಏಪ್ರಿಲ್ 28ರಂದು ಹದಿನೆಂಟು ದಾಟಿದವರಿಗೆ ಕೋವಿಡ್ ಲಸಿಕೆಯ ನೋಂದಣಿ ತೆರೆದಾಗ ದೇಶದಲ್ಲಿ ಒಂದೇ ದಿನ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಮಂದಿ ಕೋವಿನ್‌ನಲ್ಲಿ ಹೆಸರು ಬರೆಸಿದರು. 2023ರ ಜುಲೈ 19ಕ್ಕೆ ನಮ್ಮ ರಾಜ್ಯದಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾಯಿತು. ಒಂದು ಕೋಟಿಗೂ ಹೆಚ್ಚು ಮನೆಗಳ ಯಜಮಾನಿಯರು ಗ್ರಾಮ ಒನ್, ಕರ್ನಾಟಕ ಒನ್, ಬಾಪೂಜಿ ಸೇವಾ ಕೇಂದ್ರಗಳ ಮೂಲಕ ಬರಬೇಕಿತ್ತು. ಮೊದಲಿಗೆ ಒಂದು ಕೇಂದ್ರಕ್ಕೆ ದಿನಕ್ಕೆ 60 ಮಂದಿ ಎಂದು ಮಿತಿ ಹಾಕಿ, ಬರಬೇಕಾದ ದಿನ, ವೇಳೆ, ಸ್ಥಳವನ್ನು ಎಸ್ಎಂಎಸ್‌ನಲ್ಲಿ ತಿಳಿಸುವ ಏರ್ಪಾಟು ಮಾಡಿದ್ದರು. ಬೆಳೆ ವಿಮೆಯ ಕಂತು ತುಂಬುವ ಕಡೇ ದಿನ, ಫಲಿತಾಂಶದ ದಿನ, ಬೆಂಬಲ ಬೆಲೆಯ ಖರೀದಿಗೆ ಹೆಸರು ಬರೆಸುವ ಮೊದಲ ದಿನ, ಎಲ್ಲ ಕಡೆಯೂ ಇದೇ ರೀತಿ. ಹಳ್ಳಕ್ಕೆ ಮಹಾಪೂರ ಬಂದಂತೆ ಬರುವ ಜನ. ಹಂಚುವ ಕ್ರಮದ ಗುಣ ತಿಳಿಯುವುದು ಇಂಥ ದಿನಗಳಲ್ಲೇ.

ಹಂಚುವ ಕ್ರಮಗಳಲ್ಲಿ ಅತಿ ಹಳೆಯದೂ ಅತಿ ಸರಳವೂ ಆದದ್ದು ಪಾಳಿ. ತಂತ್ರಜ್ಞರು ಇದನ್ನು ರೌಂಡ್ ರಾಬಿನ್ ಅನ್ನುತ್ತಾರೆ. ಮೊದಲ ಕೋರಿಕೆ ಒಂದನೇ ಯಂತ್ರಕ್ಕೆ, ಎರಡನೆಯದು ಎರಡನೇ ಯಂತ್ರಕ್ಕೆ, ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿಂದ. 2004ರಲ್ಲಿ ಇಗೊರ್ ಸಿಸೋಯೆವ್ ಹೊರತಂದ, ಇಂದು ಜಗತ್ತಿನ ತುಂಬ ಬಳಕೆಯಲ್ಲಿರುವ ಎಂಜಿನ್‌ಎಕ್ಸ್ ತಂತ್ರಾಂಶಕ್ಕೆ ಬೇರೆ ಏನನ್ನೂ ಹೇಳದಿದ್ದರೆ ಅದು ಹಿಡಿಯುವ ದಾರಿ ಇದೇ. ಎಲ್ಲರಿಗೂ ಸಮಾನ ಪಾಲು ಎಂದು ತೋರುವ ಈ ಕ್ರಮದೊಳಗೆ ಒಂದು ನಂಬಿಕೆ ಅಡಗಿದೆ. ಎಲ್ಲ ಕೋರಿಕೆಗಳ ತೂಕವೂ ಒಂದೇ ಎಂಬುದು ಆ ನಂಬಿಕೆ. ಸೇವಾ ಕೇಂದ್ರದಲ್ಲಿ ಅರ್ಧ ತಾಸು ಕೂತವರಿಗೆ ಅದು ನಿಜವಲ್ಲ ಎಂದು ಗೊತ್ತು. ‘ನನ್ನ ಅರ್ಜಿ ಎಲ್ಲಿಗೆ ಬಂತು ನೋಡ್ರಿ’ ಅನ್ನುವವರ ಕೆಲಸ ಕಣ್ಣುಮಿಟುಕುವುದರೊಳಗೆ ಮುಗಿಯುತ್ತದೆ. ಹೆಬ್ಬೆಟ್ಟು ಹೊಂದಿಸಿ, ಉತಾರ ತರಿಸಿ, ಪಾಸ್‌ಬುಕ್ಕಿನ ಚಿತ್ರ ಏರಿಸುವ ಕೆಲಸಕ್ಕೆ ಹತ್ತಾರು ಪಟ್ಟು ಹೊತ್ತು ಬೇಕು. ಎರಡು ಯಂತ್ರಗಳಿವೆ, ಹಗುರ ಕೋರಿಕೆಯೊಂದು ಭಾರದ ಕೋರಿಕೆಯೊಂದು ಹೀಗೆ ಒಂದರ ಹಿಂದೊಂದು ಬರುತ್ತಿವೆ ಎಂದುಕೊಳ್ಳಿ. ಪಾಳಿ ತಪ್ಪದೆ ನಡೆಯುತ್ತದೆ, ಎರಡಕ್ಕೂ ಎಣಿಕೆಯಲ್ಲಿ ಸಮ. ಆದರೆ ಹಗುರವೆಲ್ಲ ಒಂದರ ಪಾಲಿಗೆ, ಭಾರವೆಲ್ಲ ಇನ್ನೊಂದರ ಪಾಲಿಗೆ. ಎಣಿಕೆ ಸಮವಾದರೆ ಹೊರೆ ಸಮವಾಯಿತು ಎಂದಲ್ಲ.

ಯಂತ್ರಗಳ ಬಲವೂ ಒಂದೇ ಎಂದು ಪಾಳಿ ನಂಬುತ್ತದೆ. ಆ ಕೊರತೆಯನ್ನು ತುಂಬಲು ತೂಕದ ಪಾಳಿ ಬಂತು. ಬಲವಾದ ಯಂತ್ರಕ್ಕೆ ಮೂರು ಪಾಲು, ಹಳೆಯದಕ್ಕೆ ಒಂದು. ಕಾಲುವೆಯ ನೀರು ಹಂಚಿಕೊಳ್ಳುವ ನಮ್ಮ ರೈತರಿಗೆ ಇದು ಹೊಸ ವಿಚಾರವಲ್ಲ. ವಾಯವ್ಯ ಭಾರತದ ಕಾಲುವೆಗಳಲ್ಲಿ ಹುಟ್ಟಿ, ನಮ್ಮ ನಾರಾಯಣಪುರದ ಕಾಲುವೆಗಳವರೆಗೂ ಬಂದ ‘ವಾರಬಂದಿ’ ಎಂಬ ಮಾತು ಇದನ್ನೇ ಹೇಳುತ್ತದೆ. ವಾರದ ತಾಸುಗಳನ್ನು ಹೊಲದ ವಿಸ್ತಾರಕ್ಕೆ ತಕ್ಕಂತೆ ಹಂಚಿ, ಯಾರ ಪಾಳಿ ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಬೇಕು ಎಂದು ಮೊದಲೇ ಬರೆದಿಡುವ ಪದ್ಧತಿ ಅದು. ಆ ಹಳೆಯ ಪದ್ಧತಿಯಲ್ಲಿ ಒಂದು ಸೂಕ್ಷ್ಮವಿದೆ. ಒಣಗಿದ ಹೊಲಗಾಲುವೆ ತುಂಬಿ ನೀರು ಹೊಲ ಮುಟ್ಟುವುದಕ್ಕೇ ಸ್ವಲ್ಪ ಹೊತ್ತು ಹೋಗುತ್ತದೆ. ಆ ಹೊತ್ತನ್ನು ‘ಭರಾಯಿ’ ಎಂದು ಕರೆದು ರೈತನ ಲೆಕ್ಕಕ್ಕೆ ಹೆಚ್ಚಾಗಿ ಕೊಡುತ್ತಾರೆ. ಸರ್ವರ್‌ಗಳಿಗೂ ಈ ವಿವೇಕ ಬೇಕು. ಹೊಸದಾಗಿ ಎಬ್ಬಿಸಿದ ಯಂತ್ರಕ್ಕೆ ಮೊದಲ ಗಳಿಗೆಯಲ್ಲೇ ಪೂರ್ತಿ ಪಾಲು ಹೊರಿಸಿದರೆ ಅದು ಏಳುವ ಮೊದಲೇ ಕುಸಿಯುತ್ತದೆ. ಹೊರೆಯನ್ನು ನಿಧಾನವಾಗಿ ಏರಿಸಬೇಕು.

ಪಾಳಿಯನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ಎಲ್ಲರೂ ಒಂದೇ ಬಗೆಯ ಪುಟ ಕೇಳುವ ಫಲಿತಾಂಶದ ದಿನ, ಯಂತ್ರಗಳೂ ಒಂದೇ ಬಲದವಾಗಿದ್ದರೆ, ಪಾಳಿಗಿಂತ ಒಳ್ಳೆಯ ಕ್ರಮ ಬೇಕಿಲ್ಲ. ಅದಕ್ಕೆ ನೆನಪಿನ ಹಂಗಿಲ್ಲ, ಕೆಡುವ ಭಾಗಗಳು ಕಡಿಮೆ, ರಾತ್ರಿ ಎರಡು ಗಂಟೆಗೆ ಎದ್ದು ಸರಿಮಾಡಬೇಕಾದ ಎಂಜಿನಿಯರಿಗೂ ತಟ್ಟನೆ ಅರ್ಥವಾಗುತ್ತದೆ. ನನ್ನ ತಕರಾರಿರುವುದು ಆರಿಸಿಕೊಂಡ ಪಾಳಿಯ ಬಗ್ಗೆ ಅಲ್ಲ, ಯಾರೂ ಆರಿಸದೆ ತಾನಾಗಿ ಉಳಿದುಬಿಟ್ಟ ಪಾಳಿಯ ಬಗ್ಗೆ.

ಕೋರಿಕೆಗಳ ತೂಕ ಬೇರೆಬೇರೆ ಆಗಿರುವ ಕಡೆ ಹೆಚ್ಚು ನ್ಯಾಯವಾದದ್ದು ‘ಕಡಿಮೆ ಕೆಲಸ ಕೈಯಲ್ಲಿರುವವರಿಗೆ ಕೊಡು’ ಎಂಬ ಕ್ರಮ. ಇದರ ಹೆಸರು ಲೀಸ್ಟ್ ಕನೆಕ್ಷನ್. ಯಾವ ಯಂತ್ರದಲ್ಲಿ ಮುಗಿಯದೆ ಬಾಕಿ ಇರುವ ಕೋರಿಕೆಗಳು ಕಡಿಮೆಯೋ ಅಲ್ಲಿಗೆ ಮುಂದಿನದನ್ನು ಕಳಿಸುತ್ತದೆ. ಇದು ಮೊದಲೇ ಬರೆದಿಟ್ಟ ಪಟ್ಟಿಯನ್ನು ನಂಬುವುದಿಲ್ಲ, ಈ ಗಳಿಗೆಯ ಸ್ಥಿತಿಯನ್ನು ನೋಡುತ್ತದೆ. ಭಾರದ ಕೆಲಸ ಹಿಡಿದು ಕೂತ ಯಂತ್ರಕ್ಕೆ ಹೊಸದು ಹೋಗುವುದು ತಾನಾಗಿ ನಿಲ್ಲುತ್ತದೆ. ನಿಧಾನವಾದ ಯಂತ್ರದಲ್ಲಿ ಬಾಕಿ ಬೆಳೆಯುವುದರಿಂದ ಅದರ ಪಾಲು ಕಡಿಮೆಯಾಗುತ್ತ ಬರುತ್ತದೆ. ತೂಕವನ್ನು ಯಾರೂ ಕೈಯಿಂದ ಬರೆಯಬೇಕಾಗಿಲ್ಲ.

ಆದರೆ ಇಲ್ಲೊಂದು ಅಪಾಯವಿದೆ. ಒಂದು ಯಂತ್ರ ಕೆಟ್ಟು, ಬಂದವರಿಗೆಲ್ಲ ಗಳಿಗೆಯೊಳಗೆ ‘ಆಗುವುದಿಲ್ಲ’ ಎಂದು ಹೇಳಿ ಕಳಿಸತೊಡಗಿತು ಎಂದುಕೊಳ್ಳಿ. ಅದರ ಕೈಯಲ್ಲಿ ಬಾಕಿ ಯಾವಾಗಲೂ ಸೊನ್ನೆ. ಬಾಗಿಲವನ ಕಣ್ಣಿಗೆ ಅದೇ ಎಲ್ಲಕ್ಕಿಂತ ಬಿಡುವಾಗಿರುವ ಯಂತ್ರ. ಆದ್ದರಿಂದ ಜನರನ್ನೆಲ್ಲ ಅಲ್ಲಿಗೇ ನೂಕುತ್ತಾನೆ. ಪಾಳಿಯಲ್ಲಿ ನಾಲ್ವರಲ್ಲಿ ಒಬ್ಬರು ಬರಿಗೈಯಲ್ಲಿ ಮರಳುತ್ತಿದ್ದರೆ ಇಲ್ಲಿ ಬಹುತೇಕ ಎಲ್ಲರೂ ಮರಳಬಹುದು. ಅದಕ್ಕೇ ಯಾವ ಕ್ರಮವನ್ನು ಆರಿಸಿದರೂ ಯಂತ್ರದ ಆರೋಗ್ಯ ತಪಾಸಣೆ ಅದರ ಜೊತೆಗಿರಲೇಬೇಕು. ತಪಾಸಣೆಯೂ ಹೆಸರಿಗೆ ಆಗಬಾರದು. ‘ಇದ್ದೀಯಾ?’ ಎಂದು ಕೇಳಿ ‘ಇದ್ದೇನೆ’ ಎಂಬ ಉತ್ತರ ಪಡೆದರೆ ಯಂತ್ರಕ್ಕೆ ಕರೆಂಟು ಇದೆ ಎಂದಷ್ಟೇ ಗೊತ್ತಾಗುತ್ತದೆ. ದಾಖಲೆಯೊಂದನ್ನು ನಿಜವಾಗಿ ತೆಗೆಯಬಲ್ಲದೇ, ಬರೆಯಬಲ್ಲದೇ ಎಂದು ಕೇಳಬೇಕು. ಚಿಗವ್ವನ ಹೆಬ್ಬೆಟ್ಟು ಎರಡು ಸಲ ಸೋತಾಗ ಆ ಸೋಲೇ ಬಾಗಿಲವನಿಗೆ ಸುದ್ದಿಯಾಗಬೇಕು. ಇಷ್ಟು ಸೋಲಾದರೆ ಆ ಯಂತ್ರವನ್ನು ಸಾಲಿನಿಂದ ತೆಗೆದು, ಸುಧಾರಿಸಿದ ಮೇಲೆ ಮತ್ತೆ ಸೇರಿಸುವ ಏರ್ಪಾಟು ಇಂದಿನ ಎಲ್ಲ ಒಳ್ಳೆಯ ತಂತ್ರಾಂಶಗಳಲ್ಲೂ ಇದೆ. ಅದನ್ನು ಜಾರಿಗೆ ತರುವ ಮನಸ್ಸು ಬೇಕು.

ದೊಡ್ಡ ವ್ಯವಸ್ಥೆಗಳಲ್ಲಿ ಬಾಗಿಲವರೂ ಹಲವರು. ‘ಏಳನೇ ಯಂತ್ರ ಬಿಡುವಾಗಿದೆ’ ಎಂಬ ಸುದ್ದಿ ಎಲ್ಲರಿಗೂ ಒಟ್ಟಿಗೆ ಮುಟ್ಟಿದರೆ ಎಲ್ಲರೂ ಒಟ್ಟಿಗೆ ಅಲ್ಲಿಗೇ ನೂಕುತ್ತಾರೆ. ಸುದ್ದಿ ಹಳತಾಗುವ ಹೊತ್ತಿಗೆ ಏಳನೇ ಯಂತ್ರ ಮುಳುಗಿರುತ್ತದೆ. ಇದಕ್ಕೊಂದು ಸೊಗಸಾದ ಪರಿಹಾರ ಗಣಿತದಿಂದ ಬಂತು. 1994ರಲ್ಲಿ ಅಜರ್, ಬ್ರೋಡರ್, ಕಾರ್ಲಿನ್, ಉಪ್‌ಫಾಲ್ ಎಂಬ ನಾಲ್ವರು ಅದರ ಬುನಾದಿ ಹಾಕಿದರು. 1996ರ ತಮ್ಮ ಪ್ರಬಂಧದಲ್ಲಿ ಮೈಕೆಲ್ ಮಿಟ್ಸೆನ್‌ಮಾಕರ್ ಅದನ್ನು ಕಾಯುವ ಸಾಲುಗಳ ಲೆಕ್ಕಕ್ಕೆ ವಿಸ್ತರಿಸಿದರು. ಎಲ್ಲ ಯಂತ್ರಗಳನ್ನೂ ನೋಡಲು ಹೋಗಬೇಡಿ, ಕಣ್ಣುಮುಚ್ಚಿ ಎರಡನ್ನು ಆರಿಸಿ, ಆ ಎರಡರಲ್ಲಿ ಬಾಕಿ ಕಡಿಮೆ ಇರುವುದಕ್ಕೆ ಕಳಿಸಿ. ಇಷ್ಟೇ. ಹತ್ತು ಲಕ್ಷ ಕಾಳುಗಳನ್ನು ಹತ್ತು ಲಕ್ಷ ಬಟ್ಟಲುಗಳಿಗೆ ಕಣ್ಣುಮುಚ್ಚಿ ಒಂದೊಂದಾಗಿ ಹಾಕಿದರೆ, ಅತಿ ಹೆಚ್ಚು ತುಂಬಿದ ಬಟ್ಟಲಿನಲ್ಲಿ ಸಾಮಾನ್ಯವಾಗಿ ಎಂಟೋ ಒಂಬತ್ತೋ ಕಾಳು ಸೇರುತ್ತವೆ. ಪ್ರತಿ ಕಾಳಿಗೂ ಎರಡು ಬಟ್ಟಲು ನೋಡಿ, ಕಡಿಮೆ ಇರುವುದಕ್ಕೆ ಹಾಕಿದರೆ ಅದು ನಾಲ್ಕಕ್ಕೆ ಇಳಿಯುತ್ತದೆ. ಎರಡನೆಯ ಬಟ್ಟಲನ್ನು ನೋಡುವ ಆ ಒಂದು ಚಿಕ್ಕ ಶ್ರಮ ಅತಿ ಹೆಚ್ಚಿನ ಹೊರೆಯನ್ನು ಅರ್ಧ ಮಾಡುತ್ತದೆ. ಮೂರು, ನಾಲ್ಕು ನೋಡಿದರೆ ಸಿಗುವ ಲಾಭ ಅದಕ್ಕೆ ಹೋಲಿಸಿದರೆ ಅಲ್ಪ. ಎಂಜಿನ್‌ಎಕ್ಸ್, ಎಚ್‌ಎ ಪ್ರಾಕ್ಸಿ ಎಂಬ ತಂತ್ರಾಂಶಗಳಲ್ಲಿ ಈ ಕ್ರಮ ಈಗ ಸಿದ್ಧವಾಗಿಯೇ ಸಿಗುತ್ತದೆ.

ಇನ್ನೊಂದು ಕ್ರಮ ಬಹಳ ಕಡೆ ಬಳಕೆಯಲ್ಲಿದೆ, ಹಳ್ಳಿಯ ಜನರಿಗೆ ಅದರಿಂದಲೇ ಹೆಚ್ಚು ತೊಂದರೆ ಎಂದು ನನ್ನ ಅಭಿಪ್ರಾಯ. ಬಂದವರ ಐಪಿ ವಿಳಾಸ (ಜಾಲದಲ್ಲಿ ಅವರನ್ನು ಗುರುತಿಸುವ ಸಂಖ್ಯೆ) ನೋಡಿ, ಆ ವಿಳಾಸದವರಿಗೆ ಯಾವಾಗಲೂ ಇದೇ ಯಂತ್ರ ಎಂದು ಕಟ್ಟಿಹಾಕುವ ಕ್ರಮ. ಅರ್ಧ ತುಂಬಿದ ಅರ್ಜಿ ಆ ಯಂತ್ರದ ನೆನಪಿನಲ್ಲೇ ಇರುವುದರಿಂದ ಹೀಗೆ ಮಾಡುತ್ತಾರೆ. ಪೇಟೆಯಲ್ಲಿ ಮನೆಮನೆಗೂ ಬೇರೆ ಕೇಬಲ್, ಬೇರೆ ವಿಳಾಸ ಇದ್ದಲ್ಲಿ ಇದು ಹೇಗೋ ನಡೆದೀತು. ನಮ್ಮ ಕಡೆ ಬಹುಪಾಲು ಜನ ಮೊಬೈಲ್ ಜಾಲದ ಮೂಲಕ ಬರುವವರು. ಮೊಬೈಲ್ ಕಂಪನಿಗಳು ಅಸಂಖ್ಯ ಗಿರಾಕಿಗಳನ್ನು ಕೆಲವೇ ವಿಳಾಸಗಳ ಹಿಂದೆ ನಿಲ್ಲಿಸುತ್ತವೆ. ಹೊರಗಿನಿಂದ ನೋಡಿದರೆ ಹತ್ತಾರು ಹಳ್ಳಿಗಳ ಜನ ಒಬ್ಬನೇ ಮನುಷ್ಯನಂತೆ ಕಾಣುತ್ತಾರೆ. ಅವರೆಲ್ಲರೂ ಒಂದೇ ಯಂತ್ರದ ತಲೆಯ ಮೇಲೆ ಬೀಳುತ್ತಾರೆ, ಪಕ್ಕದ ಯಂತ್ರ ಖಾಲಿ ಕೂತಿರುತ್ತದೆ. ಆ ಯಂತ್ರ ಬಿದ್ದರೆ ತುಂಬಿದ್ದ ಅರ್ಜಿಯೂ ಹೋಯಿತು, ಮತ್ತೆ ಮೊದಲಿಂದ ಹೆಬ್ಬೆಟ್ಟು. ಕಟ್ಟಿಹಾಕುವ ಕ್ರಮಕ್ಕೂ ತನ್ನದೇ ಜಾಗವಿದೆ. 1997ರಲ್ಲಿ ಎಂಐಟಿಯ ಸಂಶೋಧಕರು ರೂಪಿಸಿದ ಕನ್ಸಿಸ್ಟೆಂಟ್ ಹ್ಯಾಶಿಂಗ್ ಎಂಬ ಕ್ರಮ, ಒಂದೇ ಚಿತ್ರ ಒಂದೇ ಕಡತವನ್ನು ಪದೇಪದೇ ಒಂದೇ ಉಗ್ರಾಣದಿಂದ ಕೊಡುವ ಕಡೆ ಅತ್ಯುತ್ತಮ. ಆದರೆ ನಾಗರಿಕರ ಅರ್ಜಿಗೆ ಅದು ಬೇಡ. ಅರ್ಧ ತುಂಬಿದ ಅರ್ಜಿಯನ್ನು ಎಲ್ಲ ಯಂತ್ರಗಳೂ ಓದಬಲ್ಲ ಒಂದು ಕಡೆ ಇಟ್ಟರೆ, ಯಾರು ಯಾವ ಯಂತ್ರಕ್ಕೆ ಹೋದರೂ ಬಿಟ್ಟಲ್ಲಿಂದ ಮುಂದುವರಿಯಬಹುದು.

ಇಷ್ಟೆಲ್ಲ ಕ್ರಮಗಳನ್ನು ಯಾವ ಅಳತೆಗೋಲಿನಿಂದ ತೂಗಬೇಕು? ಇಲ್ಲೇ ನನ್ನ ಮುಖ್ಯ ಮಾತಿದೆ: ಸರಾಸರಿಯಿಂದಲ್ಲ, ಅತಿ ಹೆಚ್ಚು ಕಾದವರ ಹೊತ್ತಿನಿಂದ. ಕಾಯುವ ಸಾಲುಗಳ ಗಣಿತಕ್ಕೆ 1909ರಲ್ಲಿ ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯ ಎ. ಕೆ. ಎರ್ಲಾಂಗ್ ಅಡಿಪಾಯ ಹಾಕಿದರು. ಆ ಗಣಿತದ ಅತಿ ಸರಳ ಲೆಕ್ಕವೊಂದನ್ನು ನೋಡಿ. ಒಂದು ಕೆಲಸಕ್ಕೆ ಯಂತ್ರಕ್ಕೆ ಬೇಕಾದದ್ದು ಸರಾಸರಿ 1 ಸೆಕೆಂಡು, ಜನ ತಮಗೆ ತೋಚಿದಾಗ ಬರುತ್ತಾರೆ. ಯಂತ್ರ ಶೇ. 50ರಷ್ಟು ದುಡಿಯುತ್ತಿದ್ದರೆ ಕಾಯುವುದೂ ಸೇರಿ ಸರಾಸರಿ 2 ಸೆಕೆಂಡು ಹಿಡಿಯುತ್ತದೆ. ಶೇ. 80ಕ್ಕೆ 5, ಶೇ. 90ಕ್ಕೆ 10, ಶೇ. 95ಕ್ಕೆ 20 ಸೆಕೆಂಡು. ಹೊರೆ ಸ್ವಲ್ಪವೇ ಏರಿದರೂ ಕಾಯುವಿಕೆ ನೆಗೆಯುತ್ತದೆ. ಈಗ ನಾಲ್ಕು ಯಂತ್ರಗಳ ಮೇಲೆ ಶೇ. 70ರ ಹೊರೆ ಸಮನಾಗಿ ಹಂಚಿದರೆ ಎಲ್ಲರಿಗೂ ಸರಾಸರಿ 3.3 ಸೆಕೆಂಡು. ಅದೇ ಹೊರೆಯನ್ನು ಒಂದರ ಮೇಲೆ ಶೇ. 95, ಉಳಿದ ಮೂರರ ಮೇಲೆ ಶೇ. 62ರ ಹತ್ತಿರ ಬೀಳುವಂತೆ ಹಂಚಿದರೆ ಮೂರರಲ್ಲಿ ಎರಡು ಪಾಲು ಜನರಿಗೆ 2.6 ಸೆಕೆಂಡು, ಉಳಿದ ಒಂದು ಪಾಲಿಗೆ 20 ಸೆಕೆಂಡು. ಕಚೇರಿಗೆ ಹೋಗುವ ವರದಿಯಲ್ಲಿ ಮಾತ್ರ ಎರಡೂ ದಿನ ಒಂದೇ ಸಾಲು ಇರುತ್ತದೆ: ಯಂತ್ರಗಳ ಮೇಲೆ ಸರಾಸರಿ ಶೇ. 70 ಹೊರೆ, ಎಲ್ಲ ಸುಸೂತ್ರ.

ಇನ್ನೂ ಒಂದು ಸಂಗತಿ. ಒಂದು ಅರ್ಜಿಯ ಒಳಗೆ ಹಲವು ಕೆಲಸಗಳಿರುತ್ತವೆ. ಆಧಾರ್ ಹೊಂದಾಣಿಕೆ, ಉತಾರ, ಬ್ಯಾಂಕ್ ಖಾತೆ, ಸಂದೇಶ. ಪ್ರತಿಯೊಂದೂ ನೂರಕ್ಕೆ ಒಂದೇ ಸಲ ತಡವಾದರೂ, ಇಂಥ ಇಪ್ಪತ್ತು ಕೆಲಸಗಳು ಒಂದು ಅರ್ಜಿಯಲ್ಲಿದ್ದರೆ ನೂರರಲ್ಲಿ ಹದಿನೆಂಟು ಅರ್ಜಿಗಳು ತಡವಾಗುತ್ತವೆ. ‘ನೂರಕ್ಕೆ ತೊಂಬತ್ತೊಂಬತ್ತು ಸರಿ’ ಎಂಬ ಅಂಕಿ ಒಳಗೆ ಕೂತವರಿಗೆ ಸಮಾಧಾನ ತರುತ್ತದೆ, ಕಟ್ಟೆಯ ಮೇಲೆ ಕೂತವರಿಗೆ ತರುವುದಿಲ್ಲ.

ಸರಾಸರಿಯನ್ನು ನಂಬಿ ಆಡಳಿತ ನಡೆಸಿದರೆ ಏನಾಗುತ್ತದೆ ಎಂಬುದನ್ನು ನವಲಗುಂದದ ನೆಲಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಕಾಲುವೆ ನಮ್ಮ ಎರೆ ಭೂಮಿಗೆ ಬಂತು. ಕಾಗದದ ಮೇಲೆ ಇಡೀ ಅಚ್ಚುಕಟ್ಟು ನೀರಾವರಿಯಾಗಿತ್ತು. ಕಾಲುವೆಯ ತಲೆಯಲ್ಲಿರುವವರಿಗೆ ನೀರು ಬಂತು, ಕೊನೆಯಂಚಿನ ಹೊಲಗಳಿಗೆ ಎಷ್ಟೋ ಕಡೆ ಬರಲಿಲ್ಲ. ಆದರೂ ಅಭಿವೃದ್ಧಿ ಕರದ ನೋಟಿಸು ಮಾತ್ರ ಎಲ್ಲರ ಮನೆಗೂ ಬಂತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರು ಬೀದಿಗಿಳಿದರು. ಪೊಲೀಸರ ಗುಂಡಿಗೆ ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ಆ ದಿನವನ್ನು ನಮ್ಮ ಭಾಗದಲ್ಲಿ ಇಂದಿಗೂ ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ. ಅಂದು ಎದ್ದ ಪ್ರಶ್ನೆಗಳಲ್ಲಿ ಒಂದು ಇವತ್ತಿಗೂ ಜೀವಂತವಾಗಿದೆ: ಹಂಚಿಕೆ ಆಗಿದೆ ಎಂದು ತೀರ್ಮಾನಿಸಬೇಕಾದದ್ದು ಗೇಟಿನ ಬಳಿಯ ಅಳತೆಪಟ್ಟಿಯಿಂದಲೋ, ಕೊನೆಯ ಹೊಲದ ತೇವದಿಂದಲೋ? ಸರ್ವರ್ ಕಾಯುವ ನೋವನ್ನು ಆ ಬಲಿದಾನಕ್ಕೆ ಸಮ ಎಂದು ನಾನು ಹೇಳುತ್ತಿಲ್ಲ. ಹಂಚುವವರು ಎಲ್ಲಿ ನಿಂತು ನೋಡಬೇಕು ಎಂಬ ಪಾಠವನ್ನು ಅಲ್ಲಿಂದ ಕಲಿಯಬೇಕು ಎನ್ನುತ್ತಿದ್ದೇನೆ.

ಇದಕ್ಕೆ ಎದುರಾಗಿ ಬರುವ ಮಾತುಗಳೂ ಗಟ್ಟಿಯಾಗಿವೆ. ‘ಕ್ರಮದ ಬಗ್ಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು? ಇನ್ನಷ್ಟು ಯಂತ್ರ ಕೊಂಡರೆ ಆಯಿತು’ ಎನ್ನುವವರಿದ್ದಾರೆ. ಮುಖ್ಯ ಕಾಲುವೆಯಲ್ಲೇ ನೀರಿಲ್ಲದಿದ್ದರೆ ಹೊಲಗಾಲುವೆಯ ಪಾಳಿ ಎಷ್ಟೇ ಚೊಕ್ಕವಾಗಿದ್ದರೂ ಪ್ರಯೋಜನವಿಲ್ಲ ಎಂಬುದು ನಿಜ. ಮುಂದಿನ ಹತ್ತು ಯಂತ್ರಗಳೂ ಹಿಂದಿನ ಒಂದೇ ದತ್ತಾಂಶದ ಉಗ್ರಾಣವನ್ನು ಕಾಯುತ್ತಿದ್ದರೆ, ಬಾಗಿಲಲ್ಲಿ ಏನು ಮಾಡಿದರೂ ಸಾಲು ಒಳಗೆ ಸರಿಯುತ್ತದೆ, ಕರಗುವುದಿಲ್ಲ. ಇಂಥ ಕಡೆ ಮೊದಲು ಉಗ್ರಾಣವನ್ನು ಸರಿಮಾಡಬೇಕು. ಆದರೆ ಆ ಮಾತು ಇನ್ನೊಂದು ಕಡೆಗೂ ಕೊಯ್ಯುತ್ತದೆ. ಸರಿಯಾದ ಕ್ರಮವಿಲ್ಲದಿದ್ದರೆ ಹೊಸದಾಗಿ ಕೊಂಡ ಯಂತ್ರ ಖಾಲಿ ಕೂತು, ಹಳೆಯ ಯಂತ್ರದ ಮುಂದೆ ಜನ ನಿಂತಿರುತ್ತಾರೆ. ಯಂತ್ರಕ್ಕೆ ಕೋಟಿಗಳ ಲೆಕ್ಕದಲ್ಲಿ ಹಣ ಬೇಕು. ಕ್ರಮ ಬದಲಿಸಲು ಬೇಕಾದದ್ದು ಯೋಚನೆ, ಪರೀಕ್ಷೆ, ಕೆಲವು ದಿನಗಳ ಎಚ್ಚರ.

‘ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕುವುದು ಬಡವರಿಗೆ ಬಾಗಿಲು ಮುಚ್ಚಿದಂತೆ’ ಎಂಬುದು ಎರಡನೆಯ ಆಕ್ಷೇಪ. ನಾನು ಹಾಗೆ ನೋಡುವುದಿಲ್ಲ. ಹೊರೆ ಶೇ. 95 ದಾಟಿದ ಮೇಲೆ ಒಳಗೆ ಬಿಟ್ಟ ಪ್ರತಿಯೊಬ್ಬರೂ ಉಳಿದವರೆಲ್ಲರ ಕಾಯುವಿಕೆಯನ್ನು ಹಿಗ್ಗಿಸುತ್ತಾರೆ. ಅಂಥ ಹೊತ್ತಿನಲ್ಲಿ ‘ಗುರುವಾರ ಹತ್ತು ಗಂಟೆಗೆ ಬರ್ರಿ, ನಿಮ್ಮ ಹೆಸರು ಬರಕೊಂಡೀವಿ’ ಎಂದು ಹೇಳುವುದು ಮುಂಜಾನೆ ಏಳರಿಂದ ಕೂಡ್ರಿಸಿ ಸಂಜೆಗೆ ಬರಿಗೈಯಲ್ಲಿ ಕಳಿಸುವುದಕ್ಕಿಂತ ಸಾವಿರ ಪಾಲು ಮೇಲು. ಹೊಲ ಬಿಟ್ಟು ಬಂದವಳಿಗೆ ಆ ದಿನದ ಬೆಲೆ ಗೊತ್ತು. ಆದರೆ ಕೊಟ್ಟ ಮಾತು ನಡೆಯಬೇಕು, ಮಿತಿಯೂ ಊರಿನ ಅಳತೆಗೆ ಹೊಂದಬೇಕು. ದೊಡ್ಡ ಹೋಬಳಿ ಊರಿಗೂ ಚಿಕ್ಕ ಹಳ್ಳಿಗೂ ಒಂದೇ ಸಂಖ್ಯೆ ಎಂದರೆ ಅದು ಮತ್ತೆ ತೂಕ ನೋಡದ ಪಾಳಿಯೇ ಆಯಿತು.

ಮೂರನೆಯದು ದುರುಳರ ಪ್ರಶ್ನೆ. ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶದ ಮೇಲೆ 2025ರ ಆರಂಭದಲ್ಲಿ ದಾಳಿ ನಡೆದು ನೋಂದಣಿ ಕುಂಟಿದಾಗ, ಕೇವಲ 62 ಖಾತೆಗಳಿಂದ ಎರಡೇ ತಾಸಿನಲ್ಲಿ 6.2 ಲಕ್ಷ ಕೋರಿಕೆಗಳು ಬಂದಿದ್ದನ್ನು ಸರ್ಕಾರವೇ ತಿಳಿಸಿತು. ನ್ಯಾಯವಾಗಿ ಹಂಚುವ ಬಾಗಿಲವನು ಕಳ್ಳರನ್ನೂ ನ್ಯಾಯವಾಗಿ ಎಲ್ಲ ಯಂತ್ರಗಳಿಗೂ ಹಂಚಿಬಿಡುತ್ತಾನೆ. ಆದ್ದರಿಂದ ಹಂಚುವ ಮೊದಲೇ, ಒಂದು ಖಾತೆಗೆ ಇಷ್ಟು ಹೊತ್ತಿನಲ್ಲಿ ಇಷ್ಟೇ ಎಂಬ ತಡೆ ಬೇಕು. ಆ ತಡೆಯನ್ನು ಐಪಿ ವಿಳಾಸಕ್ಕೆ ಮಾತ್ರ ಕಟ್ಟಬಾರದು. ಕಟ್ಟಿದರೆ ಒಂದೇ ವಿಳಾಸದ ಹಿಂದೆ ನಿಂತ ಹತ್ತಾರು ಹಳ್ಳಿಯವರು ಕಳ್ಳರ ಜೊತೆಗೇ ಹೊರಗೆ ಬೀಳುತ್ತಾರೆ.

ಹಾಗಾದರೆ ಯಾವ ಕ್ರಮ ಆರಿಸಬೇಕು? ಕೋರಿಕೆಗಳೆಲ್ಲ ಒಂದೇ ಬಗೆಯವಾಗಿದ್ದರೆ ಪಾಳಿ ಸಾಕು. ಅರ್ಜಿ, ಹೆಬ್ಬೆಟ್ಟು, ಕಡತಗಳಂಥ ಭಾರದ ಕೆಲಸಗಳು ಹಗುರ ಕೆಲಸಗಳೊಡನೆ ಬೆರೆತ ಸರ್ಕಾರಿ ಸೇವೆಗಳಿಗೆ, ಎರಡನ್ನು ನೋಡಿ ಬಾಕಿ ಕಡಿಮೆ ಇರುವುದಕ್ಕೆ ಕಳಿಸುವ ಕ್ರಮವೇ ಸರಿ. ಅದರ ಜೊತೆಗೆ ನಿಜವಾದ ಆರೋಗ್ಯ ತಪಾಸಣೆ ಇರಲಿ, ಹೊಸ ಯಂತ್ರಕ್ಕೆ ಭರಾಯಿಯ ಹೊತ್ತು ಸಿಗಲಿ, ಅರ್ಧ ತುಂಬಿದ ಅರ್ಜಿ ಎಲ್ಲ ಯಂತ್ರಗಳ ಕೈಗೂ ಎಟುಕುವ ಕಡೆ ಇರಲಿ. ತುಂಬಿಹೋದಾಗ ಮುಚ್ಚುಮರೆಯಿಲ್ಲದೆ ದಿನ, ವೇಳೆ ಹೇಳಿ ಕಳಿಸಲಿ. ಇವುಗಳಲ್ಲಿ ಯಾವುದೂ ಹೊಸ ಸಂಶೋಧನೆಗೆ ಕಾಯಬೇಕಾದದ್ದಲ್ಲ, ಎಲ್ಲವೂ ಇಂದು ಕೈಗೆ ಸಿಗುವಂಥವು.

ಈ ವ್ಯವಸ್ಥೆಗಳನ್ನು ಕಟ್ಟುವ ಎಂಜಿನಿಯರುಗಳಲ್ಲಿ ಬಹಳ ಮಂದಿ ನಮ್ಮ ಊರುಗಳಿಂದಲೇ ಹೋದ ಮಕ್ಕಳು. ಅವರಲ್ಲಿ, ಅವರ ಮೇಲಿನ ಅಧಿಕಾರಿಗಳಲ್ಲಿ ನನ್ನದೊಂದು ಬೇಡಿಕೆ. ಸರಾಸರಿಯ ಅಂಕಿಯನ್ನು ಬದಿಗಿಟ್ಟು, ನೂರರಲ್ಲಿ ಅತಿ ಹೆಚ್ಚು ಕಾದ ಐವರು ಎಷ್ಟು ಹೊತ್ತು ಕಾದರು, ಎಷ್ಟು ಸಲ ಸೋತರು ಎಂಬುದನ್ನು ಹೋಬಳಿವಾರು ಪ್ರತಿ ತಿಂಗಳು ಪ್ರಕಟಿಸಿ. ಹೊಸ ಯೋಜನೆ ತೆರೆಯುವ ಮೊದಲು ಅದನ್ನು ಬೆಂಗಳೂರಿನ ಕಚೇರಿಯ ವೇಗದ ಜಾಲದಲ್ಲಿ ಪರೀಕ್ಷಿಸಿ ಬಿಡಬೇಡಿ, ಮೊರಬದಂಥ ಊರಿನ ಕೇಂದ್ರದಲ್ಲಿ, ಮೊಬೈಲ್ ಜಾಲದ ಮೇಲೆ, ನಡುಹಗಲಿನಲ್ಲಿ ಪರೀಕ್ಷಿಸಿ. ಒಂದು ದಿನ ಬಂದು ಆ ಕಟ್ಟೆಯ ಮೇಲೆ ಪಾಳಿಯಲ್ಲಿ ಕೂಡ್ರಿ.

ಚಿಗವ್ವನ ಕೆಲಸ ಅಂದು ಆಗಲಿಲ್ಲ. ಮರುದಿನ ಮತ್ತೆ ಹೋದಳು, ಮೂರನೇ ಸಲದ ಹೆಬ್ಬೆಟ್ಟಿಗೆ ಚೀಟಿ ಬಂತು. ಎರಡು ದಿನದ ಕಸ ಹೊಲದಲ್ಲಿ ಹಾಗೇ ಉಳಿದಿತ್ತು.